ಲೇಬಲ್ ಮುಚ್ಚಿ ದ್ರಾಕ್ಷಿ ಹೇಳುವುದು: ವೈನ್ ಬ್ಲೈಂಡ್ ಟೇಸ್ಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ವಿದ್ಯಾನಗರದ ಒಂದು ಮನೆಯ ಮಹಡಿ ಮೇಲೆ ನಾವು ಆರು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ನಾಲ್ಕು ವೈನಿನ ಲೇಬಲ್ ಮರೆಮಾಡಿ, ನಂಬರ್ ಹಾಕಿ, ಯಾವುದರಲ್ಲಿ ಯಾವ ದ್ರಾಕ್ಷಿ ಇದೆ ಅಂತ ಮೂಗು ನಾಲಿಗೆಯಿಂದಲೇ ಹೇಳಲು ಕೂರುತ್ತೇವೆ. ಹೊಸದಾಗಿ ಬಂದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಬರೆದಿಟ್ಟಿದ್ದೇನೆ.

ಬ್ಲೈಂಡ್ ಟೇಸ್ಟಿಂಗ್ ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕಾ?

ಬೇಡ. ಮುಚ್ಚಬೇಕಾದದ್ದು ಬಾಟಲಿಯನ್ನು, ಕಣ್ಣನ್ನಲ್ಲ. ಗ್ಲಾಸಿನಲ್ಲಿರುವ ವೈನಿನ ಬಣ್ಣ ನೋಡಬಹುದು, ನೋಡಬೇಕು ಕೂಡ. ಕಂಪನಿ, ಊರು, ದ್ರಾಕ್ಷಿ, ಬೆಲೆ ಇವು ಮಾತ್ರ ಗೊತ್ತಿರಬಾರದು.

ಪೇಪರ್ ಸುತ್ತಿದರೆ ಸಾಕು ಅಂದುಕೊಳ್ಳಬೇಡಿ. ಬಾಟಲಿಯ ಆಕಾರವೇ ಗುಟ್ಟು ಬಿಟ್ಟುಕೊಡುತ್ತದೆ. ಎತ್ತಿದ ಭುಜದ ಬಾಟಲಿ ಅಂದರೆ ಸಾಮಾನ್ಯವಾಗಿ ಕ್ಯಾಬರ್ನೆ, ಮೆರ್ಲೋ ಅನ್ನುವ ದ್ರಾಕ್ಷಿಗಳ ಕಡೆಯದು. ಇಳಿಜಾರು ಭುಜದ್ದು ಶಾರ್ಡನೆ, ಪಿನೋ ನ್ವಾರ್, ಶಿರಾಜ್ ಕಡೆಯದು. ಸಣ್ಣಗೆ ಉದ್ದಕ್ಕೆ ಇದ್ದರೆ ರೀಸ್ಲಿಂಗ್ ಇರಬಹುದು. ಮುಚ್ಚಳದ ಬಣ್ಣ ನೋಡಿಯೇ ಕಂಪನಿ ಹೇಳುವವರೂ ಇದ್ದಾರೆ. ಹಾಗಾಗಿ ನಾವು ವೈನನ್ನು ಒಂದೇ ಥರದ ನಾಲ್ಕು ಗಾಜಿನ ನೀರಿನ ಬಾಟಲಿಗೆ ಸುರಿದುಬಿಡುತ್ತೇವೆ. ಒಬ್ಬರು ಒಳಗಿನ ಕೋಣೆಯಲ್ಲಿ ಸುರಿದು ಅ, ಆ, ಇ, ಈ ಅಂತ ಬರೆಯುತ್ತಾರೆ. ಇನ್ನೊಬ್ಬರು ಹೋಗಿ ಅವನ್ನು ಅದಲು ಬದಲು ಮಾಡಿ 1, 2, 3, 4 ಅಂತ ಚೀಟಿ ಅಂಟಿಸುತ್ತಾರೆ. ಆಗ ಸುರಿದವರಿಗೂ ಯಾವುದು ಎಲ್ಲಿದೆ ಗೊತ್ತಿರಲ್ಲ, ಅವರೂ ನಮ್ಮ ಜೊತೆ ಕೂರಬಹುದು.

ಲೇಬಲ್ ಓದಿಕೊಂಡು ಕುಡಿದರೆ ಏನು ತೊಂದರೆ?

ಕುಡಿಯಲು ಏನೂ ತೊಂದರೆಯಿಲ್ಲ. ಕಲಿಯಲು ತೊಂದರೆ. ಲೇಬಲ್ ಮೇಲೆ ‘ಶಿರಾಜ್’ ಅಂತ ಓದಿದ ತಕ್ಷಣ ಮೂಗು ಆ ದ್ರಾಕ್ಷಿಯ ಗುರುತಾದ ಕರಿಮೆಣಸಿನ ವಾಸನೆ ಹುಡುಕಲು ಶುರು ಮಾಡುತ್ತದೆ, ಇಲ್ಲದಿದ್ದರೂ ಸಿಕ್ಕಿತು ಅನ್ನುತ್ತದೆ.

ಫ್ರಾನ್ಸಿನ ಬೋರ್ಡೋದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಸಂಶೋಧಕ ಫ್ರೆಡೆರಿಕ್ ಬ್ರೋಶೆ ಮತ್ತು ಜೊತೆಗಾರರು 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರೆಲ್ಲ ವೈನ್ ವಿಷಯವನ್ನೇ ಓದುತ್ತಿದ್ದವರು. ಆದರೂ ಅದನ್ನು ವರ್ಣಿಸಲು ಹೆಚ್ಚಿನವರು ಬಳಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳನ್ನೇ. ಆ ಕೆಲಸ 2001ರಲ್ಲಿ ಪ್ರಕಟವಾಯಿತು. ಬಣ್ಣವೊಂದೇ ಇಷ್ಟು ದಾರಿ ತಪ್ಪಿಸುತ್ತದೆ ಅಂದಮೇಲೆ ಬೆಲೆ, ಕಂಪನಿ ಹೆಸರು ಎಷ್ಟು ತಪ್ಪಿಸಬಹುದು, ಯೋಚಿಸಿ.

1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಟೇಸ್ಟಿಂಗ್ ಕಥೆಯನ್ನೂ ನೆನಪಿಡಿ. ಫ್ರೆಂಚ್ ತೀರ್ಪುಗಾರರು ಲೇಬಲ್ ಕಾಣದೆ ರುಚಿ ನೋಡಿ, ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾದ ವೈನಿಗೆ ಮೊದಲ ಸ್ಥಾನ ಕೊಟ್ಟರು. ಅಲ್ಲಿ ಕೇಳಿದ್ದು ‘ಯಾವುದು ಚೆನ್ನಾಗಿದೆ’ ಅಂತ, ನಾವು ಕೇಳುವುದು ‘ಯಾವ ದ್ರಾಕ್ಷಿ’ ಅಂತ. ಆದರೆ ಲೇಬಲ್ ಮುಚ್ಚುವ ಕಾರಣ ಒಂದೇ.

ನಮ್ಮೂರಲ್ಲಿ ಇದಕ್ಕೆ ಬೇಕಾದ ವೈನ್ ಸಿಗುತ್ತದಾ?

ಸಿಗುತ್ತದೆ, ಆದರೆ ಹುಡುಕಬೇಕು. ನಮ್ಮಲ್ಲಿ ‘ವೈನ್ ಶಾಪ್’ ಅಂತ ಬೋರ್ಡ್ ಇದ್ದರೂ ಒಳಗೆ ತುಂಬಿರುವುದು ವಿಸ್ಕಿ, ಬ್ರಾಂಡಿ, ಬಿಯರ್. ವೈನ್ ಒಂದು ಮೂಲೆಯಲ್ಲಿ ಇರುತ್ತದೆ. ಆ ಮೂಲೆಯಲ್ಲಿ ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಇರುವ ಬಾಟಲಿ ಮಾತ್ರ ಆರಿಸಿ. ಬರೀ ‘ರೆಡ್ ವೈನ್’ ಅಂತಲೋ ‘ಪೋರ್ಟ್’ ಅಂತಲೋ ಇದ್ದರೆ ಈ ಅಭ್ಯಾಸಕ್ಕೆ ಉಪಯೋಗವಿಲ್ಲ. ನಾವು ಬೆಂಗಳೂರಿಗೆ ಹೋಗಿ ಬರುವವರ ಕೈಯಲ್ಲೂ ಒಂದೆರಡು ತರಿಸಿಕೊಳ್ಳುತ್ತೇವೆ.

ನಮ್ಮ ರಾಜ್ಯದಲ್ಲೇ ವೈನ್ ದ್ರಾಕ್ಷಿ ಬೆಳೆಯುತ್ತಾರೆ ಅನ್ನುವುದು ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ 1988ರಲ್ಲೇ ಶುರು ಮಾಡಿತು. 2007ರಲ್ಲಿ ಸರ್ಕಾರ ಇದಕ್ಕೆ ಬೇರೆಯೇ ನೀತಿ ತಂದಿತು. ದಾವಣಗೆರೆಯವರಿಗೆ ಅದಕ್ಕಿಂತ ಹತ್ತಿರ ಅಂದರೆ ಹಂಪಿ ಕಡೆಯ ತೋಟಗಳು. ನಾಸಿಕ್‌ದಂತೂ ಎಲ್ಲ ಕಡೆ ಸಿಗುತ್ತದೆ.

ಯಾವ ದ್ರಾಕ್ಷಿಯಿಂದ ಶುರು ಮಾಡಬೇಕು?

ನಾಲ್ಕೇ ನಾಲ್ಕು. ಬಿಳಿಯಲ್ಲಿ ಸಾವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್. ಕೆಂಪಿನಲ್ಲಿ ಕ್ಯಾಬರ್ನೆ ಸಾವಿನ್ಯೋನ್ (ಬರೀ ಕ್ಯಾಬರ್ನೆ ಅಂದರೆ ಇದೇ), ಶಿರಾಜ್. ಭಾರತದಲ್ಲಿ ಸುಲಭವಾಗಿ ಸಿಗುವುದು ಇವೇ. ಆರು ತಿಂಗಳು ಇವನ್ನು ಬಿಟ್ಟು ಬೇರೆ ಮುಟ್ಟಬೇಡಿ ಅಂತಲೇ ನಾನು ಹೇಳುತ್ತೇನೆ. ಮೊದಲ ತಿಂಗಳೇ ಹತ್ತು ಹೆಸರು ತಂದರೆ ಒಂದೂ ತಲೆಯಲ್ಲಿ ಉಳಿಯಲ್ಲ.

ಎಷ್ಟು ಜನಕ್ಕೆ ಎಷ್ಟು ಬಾಟಲಿ?

ಒಬ್ಬರಿಗೆ ಒಂದು ವೈನಿನಲ್ಲಿ 50 ಎಂಎಲ್ ಸಾಕು. 750 ಎಂಎಲ್ ಬಾಟಲಿಯಲ್ಲಿ ಅಂಥ 15 ಪಾಲು ಬರುತ್ತದೆ. ಆರು ಜನಕ್ಕೆ ನಾಲ್ಕು ಬಾಟಲಿ ತೆಗೆದರೆ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ, ಹಾಗಾಗಿ ಹತ್ತು ಹನ್ನೆರಡು ಜನ ಸೇರಿದರೆ ಖರ್ಚು ಹಂಚಿಹೋಗುತ್ತದೆ. ಒಂಟಿಯಾಗಿ ಮಾಡುವುದು ದುಬಾರಿ. ಅದಕ್ಕಿಂತ ಮುಖ್ಯವಾಗಿ, ನಿಮಗೆ ಬಂದ ವಾಸನೆ ಪಕ್ಕದವರಿಗೂ ಬಂತಾ ಅಂತ ಕೇಳಲು ಯಾರಾದರೂ ಬೇಕಲ್ವಾ?

ವೈನ್ ಗ್ಲಾಸೇ ಬೇಕಾ? ಸ್ಟೀಲ್ ಲೋಟ ಆಗಲ್ವಾ?

ಮೇಲೆ ಕಿರಿದಾಗಿ, ಹೊಟ್ಟೆ ಅಗಲವಾಗಿರುವ ಗಾಜಿನ ಗ್ಲಾಸ್ ಬೇಕು. ಹೊಟ್ಟೆಯೊಳಗೆ ವೈನ್ ತಿರುಗಿಸಿದಾಗ ವಾಸನೆ ಮೇಲೆದ್ದು ಗ್ಲಾಸಿನ ಬಾಯಿಯ ಹತ್ತಿರ ಸೇರಿಕೊಳ್ಳುತ್ತದೆ. ನೇರ ಲೋಟದಲ್ಲಿ ಅದು ಚದುರಿಹೋಗುತ್ತದೆ. ದುಬಾರಿಯದು ಬೇಡ, ಆದರೆ ಎಲ್ಲರ ಎಲ್ಲ ಗ್ಲಾಸೂ ಒಂದೇ ಥರ ಇರಲಿ. ತೊಳೆದ ಮೇಲೆ ಸೋಪಿನ ವಾಸನೆ, ಒರೆಸುವ ಬಟ್ಟೆಯ ವಾಸನೆ ಉಳಿದಿದೆಯಾ ಅಂತ ಖಾಲಿ ಗ್ಲಾಸ್ ಮೂಸಿ ನೋಡಿ.

ಸ್ಟೀಲ್ ಲೋಟಕ್ಕೆ ಒಂದು ಕೆಲಸ ಇದೆ. ಬಣ್ಣ ಮರೆಮಾಡಲು. ಶೆನಿನ್ ಬ್ಲಾಂಕ್ ಮತ್ತು ತೆಳುವಾದ ಕೆಂಪು ವೈನ್ ಎರಡನ್ನೂ ಒಂದೇ ತಂಪಿನಲ್ಲಿ ಲೋಟಕ್ಕೆ ಹಾಕಿ, ದೀಪ ಮಂದ ಮಾಡಿ, ಯಾವುದು ಕೆಂಪು ಅಂತ ಕೇಳಿ. ಮೂಗೊಂದನ್ನೇ ನಂಬಿ ಹೇಳುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಮೂಸಿದ ತಕ್ಷಣ ದ್ರಾಕ್ಷಿ ಹೇಳಿಬಿಡಬೇಕಾ?

ಇದೇ ಎಲ್ಲರೂ ಮಾಡುವ ತಪ್ಪು, ನಾನೂ ಎರಡು ವರ್ಷ ಇದನ್ನೇ ಮಾಡಿದೆ. ಮೂಸುವುದು, ಏನೋ ಒಂದು ಹಣ್ಣು ನೆನಪಾಗುವುದು, ಹೆಸರು ಕೂಗುವುದು. ಮೂಗು ಮಾತಿಗೆ ಬೇಗ ಬಗ್ಗುತ್ತದೆ. ಪಕ್ಕದವರು ‘ಪೇರಲ’ ಅಂದರೆ ನಿಮಗೂ ಪೇರಲ ಬರುತ್ತದೆ. ನಾಲಿಗೆ, ಒಸಡು, ಗಂಟಲು ಹಾಗಲ್ಲ. ಹುಳಿ ಜಾಸ್ತಿ ಇದ್ದರೆ ಬಾಯಲ್ಲಿ ನೀರೂರುತ್ತದೆ, ಅದನ್ನು ಯಾರ ಮಾತೂ ಬದಲಾಯಿಸಲ್ಲ.

ಹಾಗಾಗಿ ನಮ್ಮ ಕ್ರಮ ಹೀಗೆ. ನೋಡುತ್ತೇವೆ, ಮೂಸುತ್ತೇವೆ, ಆದರೆ ಹೆಸರು ಬರೆಯಲ್ಲ. ಒಂದು ಗುಟುಕು ಬಾಯಲ್ಲಿ ಹತ್ತು ಸೆಕೆಂಡ್ ಆಡಿಸಿ ನಾಲ್ಕು ವಿಷಯ ಬರೆಯುತ್ತೇವೆ: ಹುಳಿ ಎಷ್ಟು, ಒಗರು ಎಷ್ಟು, ಗಂಟಲಲ್ಲಿ ಆಲ್ಕೋಹಾಲ್ ಬಿಸಿ ಎಷ್ಟು, ಬಾಯಲ್ಲಿ ನೀರಿನಂತಿದೆಯಾ ಹಾಲಿನಂತಿದೆಯಾ. ಇವು ಯಾವ ಯಾವ ದ್ರಾಕ್ಷಿಯನ್ನು ಹೊರಗೆ ಹಾಕುತ್ತವೆ ಅಂತ ನೋಡುತ್ತೇವೆ. ಉಳಿದ ಎರಡು ಮೂರು ಹೆಸರಿನ ನಡುವೆ ತೀರ್ಮಾನ ಮಾಡಲು ಮತ್ತೆ ಮೂಗಿಗೆ ಹೋಗುತ್ತೇವೆ. ನಾಲಿಗೆ ತಳ್ಳಿಹಾಕಲಿ, ಮೂಗು ಆರಿಸಲಿ. ಹೀಗೆ ಮಾಡಲು ಶುರು ಮಾಡಿದ ಮೇಲೆಯೇ ನಮ್ಮ ಉತ್ತರಗಳು ಸುಧಾರಿಸಿದ್ದು.

ಎಲ್ಲರೂ ಚೀಟಿಯಲ್ಲಿ ಬರೆದು ಮುಗಿಸುವ ತನಕ ಯಾರೂ ಮಾತಾಡಬಾರದು. ಈ ನಿಯಮವನ್ನು ಸಡಿಲ ಮಾಡಬೇಡಿ.

ಹುಳಿ, ಒಗರು ಇವನ್ನು ಅಳೆಯುವುದು ಹೇಗೆ?

ಹುಳಿ ಸುಲಭ. ನುಂಗಿದ ಮೇಲೆ ಅಥವಾ ಉಗಿದ ಮೇಲೆ ತಲೆ ಸ್ವಲ್ಪ ಬಗ್ಗಿಸಿ, ಬಾಯಲ್ಲಿ ನೀರು ಎಷ್ಟು ಹೊತ್ತು ಊರುತ್ತದೆ ನೋಡಿ. ಮೂರು ಲೋಟ ನೀರಿಗೆ ಅರ್ಧ ಚಮಚ, ಒಂದು ಚಮಚ, ಎರಡು ಚಮಚ ನಿಂಬೆರಸ ಹಾಕಿ ಮನೆಯಲ್ಲೇ ಅಭ್ಯಾಸ ಮಾಡಬಹುದು. ಸಿಹಿಯಿದ್ದರೆ ಹುಳಿ ಮರೆಯಾಗುತ್ತದೆ, ನಾಲಿಗೆಗೆ ಕಮ್ಮಿ ಅನಿಸಿದರೂ ನೀರೂರುವುದು ನಿಲ್ಲಲ್ಲ. ಅದನ್ನೇ ನಂಬಿ.

ಒಗರು ಅಂದರೆ ವೈನಿನವರು ಹೇಳುವ ಟ್ಯಾನಿನ್. ಇದಕ್ಕೆ ನಮ್ಮ ಜಿಲ್ಲೆಯವರಿಗೆ ವಿವರಣೆಯೇ ಬೇಡ. ನಮ್ಮ ಜೊತೆ ಚನ್ನಗಿರಿ ಕಡೆಯ ಅಡಿಕೆ ತೋಟದವರು ಒಬ್ಬರಿದ್ದಾರೆ. ಮೊದಲ ಸಲ ಕ್ಯಾಬರ್ನೆ ಬಾಯಿಗೆ ಹಾಕಿದಾಗ ಅವರು ಮೇಲ್ತುಟಿಯನ್ನು ಹಲ್ಲಿಗೆ ಒತ್ತಿ ಉಜ್ಜಿದರು, ಸ್ವಲ್ಪ ಹೊತ್ತು ಸುಮ್ನಿದ್ದು ‘ಇದು ಚೊಗರು’ ಅಂದರು. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುವಾಗ ಕೆಳಗೆ ಉಳಿಯುವ ಕಡುಗೆಂಪು ರಸಕ್ಕೆ ಚೊಗರು ಅನ್ನುತ್ತಾರೆ. ಅವರು ಹೇಳಿದ್ದು ಬರೀ ಹೋಲಿಕೆಯಲ್ಲ. ಅಡಿಕೆಯಲ್ಲಿರುವ ಟ್ಯಾನಿನ್ನೂ ದ್ರಾಕ್ಷಿಯ ಬೀಜ ಸಿಪ್ಪೆಯ ಟ್ಯಾನಿನ್ನೂ ಒಂದೇ ಬಳಗದವು. ಎಂಜಲಿನಲ್ಲಿರುವ ಪ್ರೋಟೀನ್ ಜೊತೆ ಅವು ಅಂಟಿಕೊಳ್ಳುತ್ತವೆ, ಬಾಯಿಯ ಜಾರು ಹೋಗುತ್ತದೆ, ಒಸಡು ಒರಟಾದಂತೆ ಆಗುತ್ತದೆ. ಅವತ್ತಿನಿಂದ ನಮ್ಮ ಚೀಟಿಗಳಲ್ಲಿ ಟ್ಯಾನಿನ್ ಅಂತ ಯಾರೂ ಬರೆಯಲ್ಲ, ಚೊಗರು 1, ಚೊಗರು 2, ಚೊಗರು 3 ಅಂತಲೇ ಬರೆಯುವುದು.

ಅಭ್ಯಾಸಕ್ಕೆ ಅಡಿಕೆ ಅಗಿಯಿರಿ ಅಂತ ಹೇಳುತ್ತಿಲ್ಲ, ಅದು ಬಾಯಿಗೆ ಒಳ್ಳೆಯದಲ್ಲ. ಹಾಲು ಸಕ್ಕರೆ ಇಲ್ಲದ ಟೀ ಸಾಕು. ಒಂದು ಲೋಟದಲ್ಲಿ ಸೊಪ್ಪು 2 ನಿಮಿಷ, ಇನ್ನೊಂದರಲ್ಲಿ 5, ಮತ್ತೊಂದರಲ್ಲಿ 10 ನಿಮಿಷ ಬಿಡಿ. ತಣ್ಣಗಾದ ಮೇಲೆ ಕಣ್ಣು ಮುಚ್ಚಿ ಮೂರನ್ನೂ ಕ್ರಮವಾಗಿ ಜೋಡಿಸಿ. ಒಗರು ಬೇರೆ, ಕಹಿ ಬೇರೆ ಅನ್ನುವುದೂ ಆಗ ಗೊತ್ತಾಗುತ್ತದೆ. ಕಹಿ ನಾಲಿಗೆಯ ರುಚಿ, ಒಗರು ಬಾಯಿಗೆ ಆಗುವ ಸ್ಪರ್ಶ.

ಬ್ಲಾಕ್‌ಕರಂಟ್, ಗೂಸ್‌ಬೆರಿ ಅಂತೆಲ್ಲ ಬರೆದಿರುತ್ತಾರೆ. ನಾವು ಅವನ್ನು ತಿಂದೇ ಇಲ್ಲವಲ್ಲ?

ತಿನ್ನದಿದ್ದರೆ ಆ ಹೆಸರು ಬರೆಯಬೇಡಿ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಮ್ಮಿ. ವಾಸನೆಯ ನೆನಪು ಬಾಲ್ಯದಿಂದ ಕೂಡಿಕೊಂಡು ಬಂದಿರುತ್ತದೆ. ನಿಮ್ಮ ಮೂಗಿನಲ್ಲಿ ನೇರಳೆ ಹಣ್ಣು, ಪೇರಲ, ಕವಳೆ ಹಣ್ಣು, ಹುಣಸೆ, ಹೊಸ ಬೆಲ್ಲ, ಮಳೆ ಬಿದ್ದ ಮಣ್ಣು ಇವೆ. ಒಂದು ದ್ರಾಕ್ಷಿ ಪ್ರತಿ ಸಲ ನಿಮಗೆ ಒಂದೇ ವಸ್ತುವನ್ನು ನೆನಪಿಸಿದರೆ ಸಾಕು, ಅದು ಇಂಗ್ಲಿಷ್ ಚಾರ್ಟಿನಲ್ಲಿ ಇರಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ವಾಸನೆಯ ಚಕ್ರ ಮಾಡಿದ್ದು ಎಲ್ಲರೂ ಒಂದೇ ಮಾತು ಆಡಲಿ ಅಂತ. ಅದು ಒಳ್ಳೆಯ ಕೆಲಸ, ಆದರೆ ಆ ಮಾತುಗಳು ಅಲ್ಲಿನ ಅಡುಗೆಮನೆಯವು.

ಇನ್ನೊಂದು ಎಚ್ಚರಿಕೆ. ಡಿಕ್ಷನರಿಯಲ್ಲಿ ಗೂಸ್‌ಬೆರಿ ಅಂದರೆ ನೆಲ್ಲಿಕಾಯಿ ಅಂತ ಇರುತ್ತದೆ. ಯುರೋಪಿನ ಗೂಸ್‌ಬೆರಿ ಬೇರೆ ಗಿಡ, ನಮ್ಮ ಬೆಟ್ಟದ ನೆಲ್ಲಿ ಬೇರೆ ಮರ. ಸಾವಿನ್ಯೋನ್ ಬ್ಲಾಂಕಿನಲ್ಲಿ ನೆಲ್ಲಿಕಾಯಿ ವಾಸನೆ ಹುಡುಕಿ ಸುಸ್ತಾದವರನ್ನು ನಾನು ಕಂಡಿದ್ದೇನೆ.

ಕ್ಯಾಬರ್ನೆಗೂ ಶಿರಾಜ್‌ಗೂ ವ್ಯತ್ಯಾಸ ಹೇಗೆ ಹೇಳುವುದು?

ಎರಡೂ ಕಡುಬಣ್ಣ, ಎರಡರಲ್ಲೂ ಕಪ್ಪು ಹಣ್ಣಿನ ವಾಸನೆ, ಹಾಗಾಗಿ ಹಣ್ಣಿನ ಮೇಲೆ ಹೋಗಬೇಡಿ. ಕ್ಯಾಬರ್ನೆಯ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಆದ್ದರಿಂದ ಚೊಗರು ಜಾಸ್ತಿ. ಅದು ಬಾಯಿಯ ಎರಡೂ ಪಕ್ಕ, ಒಸಡಿನ ಮೇಲೆ ಹಿಡಿಯುತ್ತದೆ. ಶಿರಾಜ್ ಬಾಯಿಯ ನಡುವೆ ತುಂಬಿಕೊಂಡಂತೆ, ದುಂಡಗೆ ಅನಿಸುತ್ತದೆ.

ಆಮೇಲೆ ಮೂಗು. ದೊಣ್ಣೆ ಮೆಣಸಿನಕಾಯಿಯನ್ನು ಮುರಿದಾಗ, ಬೀಜ ಕಾಣುವ ಹೊತ್ತಿಗೆ ಬರುವ ಹಸಿರು ವಾಸನೆ ಇದೆಯಲ್ಲ, ಅದು ಕ್ಯಾಬರ್ನೆಯಲ್ಲಿ ಸಣ್ಣಗೆ ಇರುತ್ತದೆ. ಎರಡಕ್ಕೂ ಕಾರಣ ಪೈರಜಿನ್ ಅನ್ನುವ ಒಂದೇ ವಸ್ತು. ಹಣ್ಣು ಪೂರ್ತಿ ಮಾಗದಿದ್ದರೆ ಜಾಸ್ತಿ, ಬಿಸಿಲಿಗೆ ಚೆನ್ನಾಗಿ ಮಾಗಿದರೆ ಕಮ್ಮಿ. ಇದೇ ವಾಸನೆ ಸಾವಿನ್ಯೋನ್ ಬ್ಲಾಂಕಿನಲ್ಲೂ ಇರುವುದಕ್ಕೆ ಕಾರಣ ಇದೆ: ಕ್ಯಾಬರ್ನೆ ಫ್ರಾಂಕ್ ಮತ್ತು ಸಾವಿನ್ಯೋನ್ ಬ್ಲಾಂಕ್ ಸೇರಿ ಹುಟ್ಟಿದ್ದೇ ಕ್ಯಾಬರ್ನೆ ಸಾವಿನ್ಯೋನ್. 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಅದು ಗಟ್ಟಿಯಾಯಿತು. ಶಿರಾಜ್‌ನಲ್ಲಿ ಈ ಹಸಿರು ಇರಲ್ಲ. ಅದರ ಗುರುತು ಕರಿಮೆಣಸು, ಆಗ ತಾನೇ ಕುಟ್ಟಿದ್ದು.

ನನಗೆ ಶಿರಾಜ್‌ನಲ್ಲಿ ಕರಿಮೆಣಸು ಬರುವುದೇ ಇಲ್ಲ. ನನ್ನ ಮೂಗು ಸರಿಯಿಲ್ವಾ?

ಮೂಗು ಸರಿಯಿದೆ. ಆ ವಾಸನೆ ಕೊಡುವುದು ರೊಟಂಡೋನ್ ಅನ್ನುವ ವಸ್ತು. ಕರಿಮೆಣಸಿನಲ್ಲೂ ಅದೇ ಇರುವುದು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಸುಮಾರು 20% ಜನಕ್ಕೆ, ಎಷ್ಟು ಜಾಸ್ತಿ ಹಾಕಿದರೂ ಅದು ಗೊತ್ತಾಗಲಿಲ್ಲ. ಐವರಲ್ಲಿ ಒಬ್ಬರು ಅಂದ ಹಾಗಾಯಿತು. ನಮ್ಮ ಆರು ಜನರಲ್ಲೂ ಒಬ್ಬರು ಹಾಗಿದ್ದಾರೆ. ತಿಂಗಳುಗಟ್ಟಲೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಈ ವಿಷಯ ಗೊತ್ತಾದ ಮೇಲೆ ಚೊಗರು ಮತ್ತು ದೊಣ್ಣೆ ಮೆಣಸಿನಕಾಯಿ ಎರಡನ್ನೇ ಹಿಡಿದು ಹೋಗುತ್ತಾರೆ, ಈಗ ಅವರು ಶಿರಾಜ್ ತಪ್ಪುವುದು ನನಗಿಂತ ಕಮ್ಮಿ. ಬಿಸಿ ಪ್ರದೇಶದ ಶಿರಾಜ್‌ನಲ್ಲಿ ಈ ಮೆಣಸು ಕಮ್ಮಿ ಇರುತ್ತದೆ ಅನ್ನುವುದನ್ನೂ ಗಮನದಲ್ಲಿಡಿ.

ಬಿಳಿಯಲ್ಲಿ ಸಾವಿನ್ಯೋನ್ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ಬೇರೆ ಮಾಡುವುದು ಹೇಗೆ?

ಸಾವಿನ್ಯೋನ್ ಬ್ಲಾಂಕ್ ಗ್ಲಾಸಿನಿಂದ ಎದ್ದು ಬರುತ್ತದೆ. ಕತ್ತರಿಸಿದ ಹುಲ್ಲು, ಹಸಿರು ಮೆಣಸಿನಕಾಯಿ, ಪ್ಯಾಶನ್ ಫ್ರೂಟ್. ಗ್ಲಾಸ್ ಎದೆಯ ಹತ್ತಿರ ಹಿಡಿದರೂ ವಾಸನೆ ಬಂದರೆ ಮೊದಲು ಅದನ್ನೇ ಅನುಮಾನಿಸಿ. ಶೆನಿನ್ ಬ್ಲಾಂಕ್ ಮೆದು. ಸೇಬು, ಮಾಗಿದ ಪೇರಲ, ಒಂದಿಷ್ಟು ಜೇನು. ಅದರಲ್ಲಿ ಹಸಿರು ಇರಲ್ಲ. ಇಲ್ಲಿ ಸಿಗುವ ಶೆನಿನ್ ಎಷ್ಟೋ ಸಲ ತುಸು ಸಿಹಿಯಾಗಿರುತ್ತದೆ, ಸಾವಿನ್ಯೋನ್ ಹೆಚ್ಚಾಗಿ ಸಿಹಿಯಿಲ್ಲದ್ದು. ಆದರೆ ಸಿಹಿ ಅನ್ನುವುದು ದ್ರಾಕ್ಷಿಯ ಗುಣವಲ್ಲ, ಮಾಡಿದವರ ನಿರ್ಧಾರ, ಅದೊಂದನ್ನೇ ನಂಬಿ ಉತ್ತರ ಬರೆಯಬೇಡಿ.

ಶಾರ್ಡನೆಯಲ್ಲಿ ಬೆಣ್ಣೆ ವಾಸನೆ ಬರುತ್ತದಂತೆ, ನಿಜವಾ?

ನಿಜ, ಆದರೆ ಅದು ದ್ರಾಕ್ಷಿಯಿಂದ ಬಂದದ್ದಲ್ಲ. ಮನೆಯಲ್ಲಿ ಕೆನೆಮೊಸರು ಕಡೆದು ಬೆಣ್ಣೆ ತೆಗೆದು, ಆ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಘಮ ನೆನಪಿಸಿಕೊಳ್ಳಿ. ಆ ಘಮಕ್ಕೆ ಕಾರಣ ಡೈಅಸೆಟೈಲ್ ಅನ್ನುವ ವಸ್ತು, ಬ್ಯಾಕ್ಟೀರಿಯಾ ಮಾಡುವಂಥದ್ದು. ವೈನಿನಲ್ಲೂ ಅದೇ ಬಳಗದ ಬ್ಯಾಕ್ಟೀರಿಯಾ ಚೂಪಾದ ಮ್ಯಾಲಿಕ್ ಹುಳಿಯನ್ನು ಮೆದುವಾದ ಲ್ಯಾಕ್ಟಿಕ್ ಹುಳಿಯಾಗಿ ಬದಲಾಯಿಸುವಾಗ ಡೈಅಸೆಟೈಲ್ ಹುಟ್ಟುತ್ತದೆ. ಬೆಣ್ಣೆ ದೋಸೆಯ ಊರಿನವರಿಗೆ ಇದು ಗೊತ್ತಾಗದೆ ಇರಲ್ಲ.

ಶಾರ್ಡನೆ ದ್ರಾಕ್ಷಿಗೆ ತನ್ನದೇ ಜೋರಾದ ವಾಸನೆ ಇಲ್ಲದ ಕಾರಣ ಈ ಬೆಣ್ಣೆ, ಓಕ್ ಮರದ ಪೀಪಾಯಿಯ ವೆನಿಲ್ಲಾ, ಲವಂಗ ಎಲ್ಲ ಅದರ ಮೇಲೆ ಎದ್ದು ಕಾಣುತ್ತವೆ. ಪೀಪಾಯಿ ಬಳಸದ ಶಾರ್ಡನೆಯಲ್ಲಿ ಆ ವೆನಿಲ್ಲಾ, ಲವಂಗ ಇರಲ್ಲ. ಹಾಗೇ, ಪೀಪಾಯಿಯಲ್ಲಿಟ್ಟ ಯಾವ ವೈನಿನಲ್ಲೂ ವೆನಿಲ್ಲಾ ಬರಬಹುದು. ಮೊದಲು ‘ಇದು ಮರದ್ದಾ, ಹಣ್ಣಿನದ್ದಾ’ ಅಂತ ಕೇಳಿಕೊಳ್ಳಿ.

ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್ ಇಡಬಹುದಾ?

ಇಡಿ, ಒಂದು ಸಲವಾದರೂ ಇಡಿ. ಕಪ್ಪು ದ್ರಾಕ್ಷಿ ಜ್ಯೂಸ್ ಕುಡಿದ ಯಾರಿಗಾದರೂ ಅದು ಮೊದಲ ಮೂಸಿಗೇ ಗೊತ್ತಾಗುತ್ತದೆ. ಇಲ್ಲಿ ಹೇಳಿದ ಮಿಕ್ಕ ದ್ರಾಕ್ಷಿಗಳೆಲ್ಲ ಯುರೋಪಿನ ವಿನಿಫೆರಾ ಜಾತಿಯವು, ಬೆಂಗಳೂರು ಬ್ಲೂನಲ್ಲಿ ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತ ಇದೆ. ಅದರ ಘಾಟು ಸಿಹಿ ವಾಸನೆ ಮೀಥೈಲ್ ಆಂಥ್ರನಿಲೇಟ್‌ನದು, ಮಲ್ಲಿಗೆ ಹೂವಿನಲ್ಲೂ ಅದರ ಅಂಶ ಇದೆ. ವಿದೇಶದ ವೈನ್ ಪಂಡಿತರು ಈ ವಾಸನೆಯನ್ನು ಕೀಳಾಗಿ ನೋಡುತ್ತಾರೆ. ನನಗೆ ಆ ಮಾತು ಹಿಡಿಸಲ್ಲ. ಇಂಥ ಊರಿನದೇ ಅಂತ ತೋರಿಸುವ ಜಿಐ ಗುರುತು ಪಡೆದ ನಮ್ಮ ಹಣ್ಣು ಅದು. ಹೊಸಬರಿಗೆ ‘ಒಂದು ದ್ರಾಕ್ಷಿಗೆ ತನ್ನದೇ ವಾಸನೆ ಇರುತ್ತದೆ’ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಬಣ್ಣ ನೋಡಿ ಏನು ತಿಳಿಯಬಹುದು?

ಹೆಚ್ಚೇನಿಲ್ಲ, ಆದರೆ ಕೆಲವು ಗಟ್ಟಿ ಸುಳಿವು ಸಿಗುತ್ತವೆ. ಗ್ಲಾಸ್ ಓರೆ ಮಾಡಿ ಬಿಳಿ ಹಾಳೆಯ ಮೇಲೆ ಹಿಡಿಯಿರಿ. ಕೆಂಪು ವೈನಿನಲ್ಲೂ ಹಾಳೆಯ ಮೇಲಿನ ಅಕ್ಷರ ಓದಲು ಬಂದರೆ ತೆಳು ಸಿಪ್ಪೆಯ ದ್ರಾಕ್ಷಿ, ಪಿನೋ ನ್ವಾರ್ ಥರದ್ದು. ಕೆಂಪು ವೈನ್ ವಯಸ್ಸಾದಂತೆ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಬಿಳಿ ವೈನ್ ಬಂಗಾರದ ಕಡೆಗೆ ಹೋಗುತ್ತದೆ. ಹಗಲು ಬೆಳಕೇ ಒಳ್ಳೆಯದು.

ಬೆಣ್ಣೆ ದೋಸೆ ತಿಂದುಕೊಂಡು ಬರಬಹುದಾ?

ಆಮೇಲೆ ತಿನ್ನೋಣ. ಮುಂಚೆ ಖಾರದ ಚಟ್ನಿ, ಮೆಣಸಿನಕಾಯಿ ಬಜ್ಜಿ ತಿಂದರೆ ಒಗರು ಮತ್ತು ಆಲ್ಕೋಹಾಲ್ ಬಿಸಿ ಇದ್ದದ್ದಕ್ಕಿಂತ ಜಾಸ್ತಿ ಅನಿಸುತ್ತವೆ. ಎಲೆ ಅಡಿಕೆ, ಕಾಫಿ, ಸಿಗರೇಟು ಎರಡು ಗಂಟೆ ಮೊದಲೇ ನಿಲ್ಲಿಸಿ. ಸೆಂಟ್ ಹಾಕಿಕೊಂಡು ಬರಬೇಡಿ, ಮಲ್ಲಿಗೆ ಮುಡಿದು ಬಂದವರಿಗೂ ಅದನ್ನು ಹೊರಗಿನ ಕೋಣೆಯಲ್ಲಿಡಲು ಕೇಳಿಕೊಳ್ಳುತ್ತೇವೆ. ನಡುನಡುವೆ ಬಾಯಿ ಸರಿಮಾಡಿಕೊಳ್ಳಲು ಒಗ್ಗರಣೆ ಹಾಕದ ಬರೀ ಮಂಡಕ್ಕಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಲ್ಲಿ ಸ್ವಲ್ಪ ಉಪ್ಪಿರುವುದರಿಂದ ತಿಂದ ಮೇಲೆ ಒಂದು ಗುಟುಕು ನೀರು ಕುಡಿಯಿರಿ.

ರೆಡ್ ವೈನ್ ಫ್ರಿಜ್‌ನಲ್ಲಿ ಇಡಬಾರದು ಅನ್ನುತ್ತಾರಲ್ಲ?

ಆ ಮಾತು ಯುರೋಪಿನ ಚಳಿ ಮನೆಗಳದು. ಕೆಂಪಿಗೆ 16ರಿಂದ 18 ಡಿಗ್ರಿ, ಬಿಳಿಗೆ 8ರಿಂದ 12 ಡಿಗ್ರಿ ಸರಿ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೇ 30 ದಾಟಿರುತ್ತದೆ. ಆ ಬಿಸಿಯಲ್ಲಿ ಮೂಗಿಗೆ ಬರುವುದು ಆಲ್ಕೋಹಾಲ್ ಮಾತ್ರ. ಕೆಂಪನ್ನೂ 18ರ ಹತ್ತಿರ ಬರುವ ತನಕ ಫ್ರಿಜ್‌ನಲ್ಲಿಡಿ. ಬಿಳಿಯನ್ನು ಹತ್ತು ಹದಿನೈದು ನಿಮಿಷ ಮೊದಲು ಹೊರಗೆ ತೆಗೆಯಿರಿ, ತೀರಾ ತಣ್ಣಗಿದ್ದರೆ ವಾಸನೆ ಏಳಲ್ಲ.

ಉಗಿಯಲೇಬೇಕಾ?

ಹೌದು. ನಾಚಿಕೆ ಪಡಬೇಡಿ, ಎಲ್ಲರಿಗೂ ಒಂದೊಂದು ಸ್ಟೀಲ್ ಲೋಟ ಕೊಟ್ಟರೆ ಆಯಿತು. ನಾಲ್ಕು ಸುತ್ತು ನುಂಗಿದರೆ ನಾಲ್ಕನೆಯದರ ಹೊತ್ತಿಗೆ ತೀರ್ಪು ಮಸುಕಾಗುತ್ತದೆ. ಉಗಿದರೂ ಒಂದಿಷ್ಟು ಒಳಗೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಯಾರೂ ಗಾಡಿ ಓಡಿಸಿಕೊಂಡು ಹೋಗುವಂತಿಲ್ಲ, ಹರಿಹರದಿಂದ ಬರುವವರು ಆಟೋದಲ್ಲೋ ಬಸ್ಸಿನಲ್ಲೋ ಬರುತ್ತಾರೆ. 21 ತುಂಬದವರನ್ನು, ಗರ್ಭಿಣಿಯರನ್ನು, ಮದ್ಯ ಬಿಟ್ಟವರನ್ನು ನಾವು ಕರೆಯುವುದಿಲ್ಲ.

ನಾಲ್ಕರಲ್ಲಿ ಎರಡು ಸರಿ ಹೇಳಿದೆ. ಒಳ್ಳೆಯದಾ?

ಒಂದೇ ಸಂಜೆಯಲ್ಲಿ ತೀರ್ಮಾನಿಸಬೇಡಿ. ನಾಲ್ಕು ಹೆಸರು ಮೊದಲೇ ಗೊತ್ತಿದ್ದು ಸುಮ್ನೆ ಕಣ್ಣು ಮುಚ್ಚಿ ಜೋಡಿಸಿದರೂ ಸರಾಸರಿ ಒಂದು ಸರಿ ಬಂದೇ ಬರುತ್ತದೆ. ಎರಡು ಅಥವಾ ಹೆಚ್ಚು ಸರಿ ಬರುವ ಅದೃಷ್ಟ 24ರಲ್ಲಿ 7. ನಾಲ್ಕೂ ಸರಿ ಬರುವುದು 24ರಲ್ಲಿ 1. ಆರು ತಿಂಗಳ ಚೀಟಿಗಳನ್ನು ಇಟ್ಟುಕೊಂಡು ಒಟ್ಟಿಗೆ ನೋಡಿ.

ಅದಕ್ಕಿಂತ ಒಳ್ಳೆಯದು ಮೂರು ಗ್ಲಾಸಿನ ಪರೀಕ್ಷೆ. ಎರಡರಲ್ಲಿ ಒಂದೇ ವೈನ್, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಊಹೆಯಿಂದ ಸರಿ ಬರುವುದು ಮೂರರಲ್ಲಿ ಒಂದು ಸಲ, ಸತತ ಐದು ಸಲ ಸರಿ ಬರುವುದು 243ರಲ್ಲಿ ಒಂದು. ಹೆಸರು ಹೇಳುವ ಮೊದಲು ವ್ಯತ್ಯಾಸ ಹಿಡಿಯಲು ಬರುತ್ತದಾ ಅಂತ ಇದರಿಂದ ಗೊತ್ತಾಗುತ್ತದೆ.

ಎಲ್ಲ ಗ್ಲಾಸಿನಲ್ಲೂ ಬೇಯಿಸಿದ ಹಣ್ಣಿನ ವಾಸನೆ ಬಂತು. ಯಾವ ದ್ರಾಕ್ಷಿ ಅದು?

ದ್ರಾಕ್ಷಿಯಲ್ಲ, ಬಿಸಿಲು. ಒಂದು ಸಲ ನಾನು ಅಂಗಡಿಯೊಂದರ ಗಾಜಿನ ಕಪಾಟಿನಿಂದ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗದಿಂದ ಮೂರು ಬಾಟಲಿ ತಂದೆ. ಮೂರರಲ್ಲೂ ಹಳೆ ಜಾಮ್ ವಾಸನೆ, ಒಂದರ ಕಾರ್ಕ್ ಮೇಲೆದ್ದು ಅಂಟಂಟಾಗಿತ್ತು. ಅವತ್ತಿನ ಸಂಜೆ ಪೂರ್ತಿ ಹಾಳಾಯಿತು, ಎಲ್ಲರ ದುಡ್ಡೂ ಹೋಯಿತು, ನನಗೆ ಇವತ್ತಿಗೂ ಬೇಜಾರಿದೆ. ಈಗ ಒಳಗಿನ ಕಪಾಟಿನಲ್ಲಿರುವುದನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಒದ್ದೆ ಗೋಣಿಚೀಲ, ಬೂಸಲು ಹಿಡಿದ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನಿಂದ ಬರುವ ಟಿಸಿಎ ಅನ್ನುವ ದೋಷ. ವಿನೆಗರ್ ವಾಸನೆ ಬಂದರೆ ಗಾಳಿ ಸೇರಿ ಹುಳಿತಿದೆ. ಹೀಗಾದರೆ ಆ ಬಾಟಲಿಯನ್ನು ಲೆಕ್ಕದಿಂದ ತೆಗೆದುಬಿಡಿ.

ಮೆರ್ಲೋ ಮಾತ್ರ ಎಷ್ಟು ಸಲ ಕುಡಿದರೂ ಕ್ಯಾಬರ್ನೆ ಥರವೇ ಅನಿಸುತ್ತದೆ. ಏನು ಮಾಡಲಿ?

ಎರಡಕ್ಕೂ ಕ್ಯಾಬರ್ನೆ ಫ್ರಾಂಕ್ ಹೆತ್ತ ದ್ರಾಕ್ಷಿ, ಒಡಹುಟ್ಟಿದವರಂತೆ ಇರುವುದು ಸಹಜ. ಮೆರ್ಲೋದಲ್ಲಿ ಚೊಗರು ಮೆದು, ಹುಳಿ ಸ್ವಲ್ಪ ಕಮ್ಮಿ, ಹಣ್ಣು ಪ್ಲಮ್ ಕಡೆಗೆ. ಬೇರೆಲ್ಲ ಬಿಟ್ಟು ಎರಡನ್ನೇ ಅಕ್ಕಪಕ್ಕ ಇಟ್ಟುಕೊಂಡು ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡೂ ಬೆರೆಸಿದ ಬಾಟಲಿ ತರಬೇಡಿ. ಲೇಬಲ್ ಮೇಲೆ ಒಂದೇ ಹೆಸರಿದ್ದರೂ ಬೇರೆ ದ್ರಾಕ್ಷಿ ಒಂದಿಷ್ಟು ಸೇರಿರಬಹುದು. ಯುರೋಪು, ಆಸ್ಟ್ರೇಲಿಯಾದಲ್ಲಿ ಹೆಸರಿಸಿದ ದ್ರಾಕ್ಷಿ ಕನಿಷ್ಠ 85% ಇದ್ದರೆ ಸಾಕು, ಅಮೆರಿಕದಲ್ಲಿ 75%.

ಇದನ್ನು ಓದಿ ಪರೀಕ್ಷೆ ಪಾಸು ಮಾಡುವವರೂ ಇದ್ದಾರಾ?

ಇದ್ದಾರೆ. ಮಾಸ್ಟರ್ ಆಫ್ ವೈನ್ ಅನ್ನುವುದು ಈ ಲೋಕದ ಅತಿ ಕಠಿಣ ಪರೀಕ್ಷೆಗಳಲ್ಲಿ ಒಂದು, ಅದರಲ್ಲಿ ಬ್ಲೈಂಡ್ ಟೇಸ್ಟಿಂಗೇ ದೊಡ್ಡ ಭಾಗ. ಭಾರತದಲ್ಲಿ ಮೊದಲು ಅದನ್ನು ದಾಟಿದವರು ಸೋನಲ್ ಹಾಲೆಂಡ್, 2016ರಲ್ಲಿ.

ವೈನ್ ಇಲ್ಲದ ದಿನ ಅಭ್ಯಾಸ ಮಾಡುವುದು ಹೇಗೆ?

ಅದೇ ಜಾಸ್ತಿ ಮುಖ್ಯ. ಎಂಟು ಸಣ್ಣ ಡಬ್ಬಿ ತೆಗೆದುಕೊಳ್ಳಿ. ಕುಟ್ಟಿದ ಕರಿಮೆಣಸು, ದೊಣ್ಣೆ ಮೆಣಸಿನಕಾಯಿ ಚೂರು, ಪೇರಲ, ಲವಂಗ, ಜೇನು, ಬೆಣ್ಣೆ, ನೇರಳೆ ಅಥವಾ ಸೀಸನ್ನಿನ ಹಣ್ಣು, ಒಣಹುಲ್ಲು ಹಾಕಿ ಮುಚ್ಚಿ. ತಳದಲ್ಲಿ ಹೆಸರು ಬರೆಯಿರಿ. ಮನೆಯವರು ಡಬ್ಬಿಗಳನ್ನು ಅದಲು ಬದಲು ಮಾಡಿ ಕೊಡಲಿ, ನೀವು ಕಣ್ಣು ಮುಚ್ಚಿ ಹೇಳಿ. ದಿನಾ ನೋಡುವ ಲವಂಗವನ್ನೂ ಹೆಸರು ಹಿಡಿದು ಹೇಳಲು ಮೊದಲ ದಿನ ತಡಕಾಡುತ್ತೀರಿ, ವಾಸನೆ ಗೊತ್ತು ಆದರೆ ಹೆಸರು ಬಾಯಿಗೆ ಬರಲ್ಲ. ಒಂದು ವಾರದಲ್ಲಿ ಬರುತ್ತದೆ. ನಾನು ಸಂತೆಗೆ ಹೋದಾಗ ತರಕಾರಿ ಕೈಗೆ ತೆಗೆದುಕೊಂಡು ಮೂಸಿಯೇ ಚೀಲಕ್ಕೆ ಹಾಕುತ್ತೇನೆ, ಮಾರುವವರಿಗೆ ಈಗ ಅಭ್ಯಾಸವಾಗಿದೆ. ಹೋದ ವಾರ ಒಬ್ಬ ಅಜ್ಜಿ ಕೇಳದೆಯೇ ದೊಣ್ಣೆ ಮೆಣಸಿನಕಾಯಿಯನ್ನು ಮುರಿದು ನನ್ನ ಕೈಗೆ ಕೊಟ್ಟರು.